ಸೆರಾಮಿಕ್ ರಗ್ ಹೊದಿಸಿದರೂ ಕುದುರೆಯ ಬೆನ್ನುನೋವು ಇಳಿಯುತ್ತಿಲ್ಲ

ದೇವನಹಳ್ಳಿ_ಲಾಯ:
ಸಾಕಾಗಿ ಹೋಗಿದೆ. ಮೈಶಾಖವನ್ನೇ ಬೆನ್ನಿಗೆ ವಾಪಸ್ ಕೊಡುತ್ತೆ ಅಂತ ದುಬಾರಿ ಸೆರಾಮಿಕ್ ರಗ್ (ನೂಲಲ್ಲಿ ಸೆರಾಮಿಕ್ ಕಣ ಸೇರಿಸಿದ ಹೊದಿಕೆ) ತರಿಸಿದೆ. ತಿಂಗಳ ಮೇಲಾಯ್ತು. ಈಗಲೂ ಜೀನು ಕಂಡ್ರೆ ಕಿವಿ ಹಿಂದಕ್ಕೆ, ಗರ್ತ್ (ಜೀನು ಕಟ್ಟೋ ಹೊಟ್ಟೆಪಟ್ಟಿ) ಬಿಗಿದ್ರೆ ಕಚ್ಚೋಕೆ ಬರ್ತಾನೆ. ಬೆನ್ನ ಮೇಲೆ ಬೆರಳು ಒತ್ತಿ ಎಳೆದ್ರೆ ಕುಸೀತಾನೆ. ಈ ಬಟ್ಟೆಯಿಂದ ಏನಾದ್ರೂ ಆಗುತ್ತಾ? ಬಳಸಿದವರು ಹೇಳಿ.

ನಾಲ್ಕು_ಕಾಲು:
ಶುರುವಿನಲ್ಲೇ ಜಾಸ್ತಿ ಹೊತ್ತು ಹಾಕಿದ್ದೀರಿ. ಮೊದಲ ಕೆಲವು ದಿನ ನಾಲ್ಕು ಗಂಟೆ ದಾಟಬಾರದು, ಆಮೇಲೆ ಒಂದು ದಿನ ಬಿಡುವು, ನಂತರವೇ ರಾತ್ರಿಯಿಡೀ.

ದೇವನಹಳ್ಳಿ_ಲಾಯ:
ಹಾಗೇ ಮಾಡಿದ್ದೀವಿ ಸರ್.

ನಾಲ್ಕು_ಕಾಲು:
ಕುದುರೆ ನೋಡಿಕೊಳ್ಳೋ ಸೈಸ್‌ನ ಕೇಳಿ ನೋಡಿ. ರಾತ್ರಿ ತೆಗೆಯೋಕೆ ಮರೆತಿರ್ತಾನೆ. ನಮ್ಮಲ್ಲೂ ಹಾಗೇ ಆಗಿತ್ತು.

ದೇವನಹಳ್ಳಿ_ಲಾಯ:
ಅವನು ಹೊತ್ತು ಬರೆದಿಡ್ತಾನೆ. ಸಮಸ್ಯೆ ಅದಲ್ಲ.

ಕಿರಣ್_ಭೌತ:
ಕುದುರೆಯ ಚರ್ಮ ಸುಮಾರು 35 ಡಿಗ್ರಿ ಇದ್ದಾಗ ಹೊರಬೀಳೋ ಅತಿಗೆಂಪು ಕಿರಣ (ಶಾಖದ ಕಿರಣ) ಅತಿ ಹೆಚ್ಚಾಗಿರೋದು 9.4 ಮೈಕ್ರೋಮೀಟರ್ ತರಂಗಾಂತರದ ಹತ್ತಿರ. ಸಾಮಾನ್ಯ ಹತ್ತಿ ಬಟ್ಟೆಯೂ ಅದನ್ನ ಹೀರಿಕೊಂಡು ಮತ್ತೆ ಹೊರಸೂಸುತ್ತೆ. ಸೆರಾಮಿಕ್ ಕಣ ಅದಕ್ಕಿಂತ ಎಷ್ಟು ಹೆಚ್ಚು ಮಾಡುತ್ತೆ ಅಂತ ಮಾರೋರನ್ನ ಕೇಳಬೇಕು. ಪ್ರತಿಫಲನವೇ ಬೇಕಿದ್ರೆ ಬೆಳ್ಳಿ ಬಣ್ಣದ ಶೀಟ್ ಸಾಕು, ಅಗ್ಗ.

ಲಾಳದಂಗಡಿ:
ದಯವಿಟ್ಟು ಆ ಶೀಟ್ ಯಾರೂ ಹೊದಿಸಬೇಡಿ. ಬೆವರಿನ ಆವಿ ಹೊರಗೆ ಹೋಗಲ್ಲ, ಕೂದಲು ಒದ್ದೆಯಾಗೇ ಇದ್ದು ಚರ್ಮ ಕೆಡುತ್ತೆ.

ಕಿರಣ್_ಭೌತ:
ಹೊದಿಸಿ ಅಂತ ಹೇಳಿಲ್ಲ, ತತ್ವ ಹೇಳಿದೆ.

ಲಾಳದಂಗಡಿ:
‘ಸಾಕು, ಅಗ್ಗ’ ಅಂದ್ರೆ ಓದಿದವರು ಹೊದಿಸ್ತಾರೆ ಸರ್.

ಡಚ್_ಕನ್ನಡತಿ:
ಇಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಚಳಿಗಾಲದಲ್ಲಿ ನಮ್ಮ ಮುದಿ ಕುದುರೆಗೆ ಹಾಕ್ತೀವಿ. ಬೆಳಿಗ್ಗೆ ಲಾಯದಿಂದ ಹೊರಬರುವಾಗ ಬಿಗಿತ ಕಡಿಮೆ ಅನ್ನಿಸುತ್ತೆ. ಆದರೆ ಒಣಗಿದ, ಬ್ರಷ್ ಮಾಡಿದ ಮೈಗೆ ನೇರವಾಗಿ ತಾಗಿರಬೇಕು, ಕೆಳಗೆ ನೋವಿನ ಎಣ್ಣೆ ಹಚ್ಚಿರಬಾರದು. ನೀವು ಹೇಗೆ ಹಾಕ್ತೀರಿ? ಕುದುರೆ ಯಾವುದು?

ದೇವನಹಳ್ಳಿ_ಲಾಯ:
ಕೆಳಗೆ ಹತ್ತಿ ಝೂಲು (ತೆಳು ಹೊದಿಕೆ ಬಟ್ಟೆ) ಇದೆ ಮೇಡಂ, ರಗ್ ಕೊಳೆ ಆಗದಿರಲಿ ಅಂತ. ರೇಸ್ ಬಿಟ್ಟು ಬಂದ ಥರೋಬ್ರೆಡ್, ಈಗ ಜಂಪಿಂಗ್. ನನ್ನ ಹಿಂದಿನ ಕುದುರೆಯ ಜೀನೇ ಹಾಕ್ತೀವಿ, ಒಳ್ಳೇ ಜೀನು.

ಡಚ್_ಕನ್ನಡತಿ:
ಇದನ್ನ ಮೊದಲೇ ಹೇಳಬೇಕಿತ್ತು! ಝೂಲು ತೆಗೀರಿ. ಜೀನಿನ ಬಗ್ಗೆ ಗೊತ್ತಿರೋರು ಮಾತಾಡಲಿ.

ಲಾಳದಂಗಡಿ:
ಜೀನು ಒಳ್ಳೇದಿರಬಹುದು, ಅದು ಈ ಬೆನ್ನಿಗೆ ಹೊಲಿದಿದ್ದಲ್ಲ. ರೇಸ್ ಬಿಟ್ಟ ಕುದುರೆ ಹೊಸ ಕೆಲಸಕ್ಕೆ ಒಗ್ಗುವಾಗ ಬೆನ್ನಿನ ಸ್ನಾಯು ತಿಂಗಳು ತಿಂಗಳಿಗೂ ಬದಲಾಗುತ್ತೆ, ಟ್ರೀ (ಜೀನಿನೊಳಗಿನ ಗಟ್ಟಿ ಚೌಕಟ್ಟು) ಮಾತ್ರ ಹಾಗೇ ಇರುತ್ತೆ. ಕೆಲಸ ಆದ ಮೇಲೆ ಜೀನು ತೆಗೆದು ಬೆವರಿನ ಗುರುತು ನೋಡಿ. ಸುತ್ತ ಒದ್ದೆಯಾಗಿ ನಡುವೆ ಒಂದು ಕಡೆ ಒಣಗಿದ್ರೆ ಅಲ್ಲಿ ಒತ್ತಡ ಬೀಳ್ತಿದೆ, ಇಲ್ಲವೇ ಜೀನು ತಾಗ್ತಾನೇ ಇಲ್ಲ. ಬಿಳಿ ಕೂದಲು ಬಂದಿದ್ರೆ ಅದು ಹಳೇ ಗಾಯದ ಗುರುತು. ಜೀನು ಕೊನೇ ಪಕ್ಕೆಲುಬಿಗಿಂತ ಹಿಂದೆ ಹೋಗಬಾರದು. ನಾನು ಲಾಳ ಹೊಡೆಯೋನು, ಅದಕ್ಕೇ ಇನ್ನೊಂದು ಮಾತು: ಹಿಂದಿನ ಗೊರಸು ಮುಂದಕ್ಕೆ ಉದ್ದ, ಹಿಮ್ಮಡಿ ತಗ್ಗಾಗಿದ್ರೂ ಬೆನ್ನಿಗೆ ಎಳೆತ ಬರುತ್ತೆ. ಗೊರಸಿನ ಫೋಟೋ ಪಕ್ಕದಿಂದ ತೆಗೆದು ಹಾಕಿ.

ಡಚ್_ಕನ್ನಡತಿ:
ಥರೋಬ್ರೆಡ್ ಅಂದ್ರೆ ಕಿಸ್ಸಿಂಗ್ ಸ್ಪೈನನ್ನೂ ನೋಡಬೇಕು. ಎದೆಭಾಗದ 18 ಕಶೇರುಗಳಲ್ಲಿ ಜೀನಿನ ಕೆಳಗೆ ಬರೋ ಹಿಂದಿನವುಗಳ ಮುಳ್ಳುಗಳು (ಮೇಲಕ್ಕೆ ಚಾಚಿದ ಮೂಳೆ) ಒಂದಕ್ಕೊಂದು ತಾಗ್ತವೆ. ಎಕ್ಸ್-ರೇ ಇಲ್ಲದೆ ಗೊತ್ತಾಗಲ್ಲ. ಅಲ್ಲಿವರೆಗೆ ಸವಾರಿ ನಿಲ್ಲಿಸಿ. ಬ್ಯೂಟ್ (ಕುದುರೆಗೆ ಕೊಡೋ ನೋವಿನ ಔಷಧಿ) ಕೊಟ್ಟು ನೋವು ಮುಚ್ಚಿ ಹತ್ತಬೇಡಿ.

ನಾಲ್ಕು_ಕಾಲು:
ಎಲ್ಲ ಸರಿ, ಹೊತ್ತಿನ ವಿಷಯ ಮಾತ್ರ ಯಾರೂ ಗಂಭೀರವಾಗಿ ತಗೊಳ್ತಿಲ್ಲ.

ಮೈಸೂರು_ಅಶ್ವ:
ನಮ್ಮಲ್ಲಿ ಎರಡು ಲಾಯಕ್ಕೂ ಇನ್‌ಫ್ರಾರೆಡ್ ಸೋಲಾರಿಯಂ ಹಾಕಿಸಿದ್ದೀನಿ. ಮೇಲಿಂದ ದೀಪ, ಟೈಮರ್, ಜೊತೆಗೆ ಮಸಾಜ್ ಪ್ಯಾಡ್. ಕೆಲಸಕ್ಕೆ ಮುಂಚೆ ನಿಲ್ಲಿಸಿದ್ರೆ ತಲೆ ತಗ್ಗಿಸಿ ತೂಕಡಿಸ್ತವೆ. ನೆಲಕ್ಕೆ ರಬ್ಬರ್ ಮ್ಯಾಟೂ ಹೊಸದು.

ಕಿರಣ್_ಭೌತ:
ಸೋಲಾರಿಯಂಗೆ ಎಷ್ಟು ಕಿಲೋವಾಟ್? ಸಿಂಗಲ್ ಫೇಸ್ ಸಾಕಾ?

ಮೈಸೂರು_ಅಶ್ವ:
ತ್ರೀ ಫೇಸ್ ಮಾಡಿಸಿದೆ. ಫೋಟೋ ಹಾಕಲಾ?

ದೇವನಹಳ್ಳಿ_ಲಾಯ:
ಅದಕ್ಕೆ ಬೇರೆ ಥ್ರೆಡ್ ತೆರೀರಿ, ದಯವಿಟ್ಟು. ಝೂಲು ತೆಗೆಸಿದ್ದೀನಿ. ಇವತ್ತು ನೋಡಿದ್ರೆ ಬೆವರಿನ ನಡುವೆ ಎಡಗಡೆ ಅಂಗೈಯಗಲ ಒಣ ಜಾಗ ಇದೆ, ಬಲಗಡೆ ಇಲ್ಲ. ಸವಾರಿ ನಿಲ್ಲಿಸಿದ್ದೀವಿ. ಡಾಕ್ಟರ್ ಪೋರ್ಟಬಲ್ ಎಕ್ಸ್-ರೇ ತಗೊಂಡು ಬರ್ತಾರೆ. ಒಂದೇ ಕಡೆ ಒಣಗೋದು ಅಂದ್ರೆ ಜೀನು ತಿರುಚಿದೆಯಾ, ಕುದುರೆ ಓರೆಯಾಗಿ ನಡೀತಿದೆಯಾ? ಲಾಳದಂಗಡಿ ಸರ್, ಗೊರಸಿನ ಫೋಟೋ ಕೆಳಗೆ ಹಾಕಿದ್ದೀನಿ, ನೋಡಿ ಹೇಳಿ.