ರೆಕ್ಕೆಯೋ, ಪ್ರೊಪೆಲರ್ರೋ? ಪೆಡಲ್ ಕಯಾಕ್ ಕೊಳ್ಳುವ ಮುಂಚೆ

ಪ್ರಶ್ನೆ:
ಸರ್, ಆರು ವರ್ಷದಿಂದ ಹುಟ್ಟು ಹಾಕುವ ಕಯಾಕಿನಲ್ಲೇ ಮೀನು ಹಿಡಿಯುತ್ತಿದ್ದೇನೆ. ಈಗ ಬಲ ಭುಜ ಕೈಕೊಟ್ಟಿದೆ. ಅರ್ಧ ದಿನ ಹುಟ್ಟು ಹಾಕಿದರೆ ರಾತ್ರಿ ಮಗ್ಗುಲು ಬದಲಿಸಲೂ ಕಷ್ಟ. ಹಾಗಾಗಿ ಪೆಡಲ್ ಕಯಾಕ್ ಕೊಳ್ಳೋಣ ಅಂತ ಇದ್ದೇನೆ. ಎರಡು ದೋಣಿ ಮನಸ್ಸಿನಲ್ಲಿವೆ. ಒಂದು 12 ಅಡಿಯದು, ಅಡಿಯಲ್ಲಿ ಎರಡು ರೆಕ್ಕೆ ಆಡುವ ಡ್ರೈವ್, ಅಂದರೆ ಕಾಲಿನಿಂದ ತುಳಿದು ದೋಣಿ ನಡೆಸುವ ಯಂತ್ರ. ಇನ್ನೊಂದು 13 ಅಡಿ ದಾಟಿದ್ದು, ಸೈಕಲ್ ತರಹ ತುಳಿಯುವ ಪ್ರೊಪೆಲರ್. ನಾನು ಹೋಗುವುದು ಹೆಚ್ಚಾಗಿ ಕೆರೆಗಳಿಗೆ. ದಡದ ಸುತ್ತ ಜೊಂಡು, ಪಾಚಿ ಬಹಳ. ನನ್ನ ತೂಕ 90 ಕೆಜಿ. ದೋಣಿಯನ್ನು ಕಾರಿನ ಮೇಲೆ ಒಬ್ಬನೇ ಎತ್ತಿಡಬೇಕು. ಯಾವುದು ತಗೊಳ್ಳಲಿ?

ಉತ್ತರ:
ನೀವು ಕೊನೆಗೆ ಹೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ. ಒಬ್ಬನೇ ಎತ್ತಬೇಕು ಅಂದಿರಲ್ಲ, ಅದೇ ಇಲ್ಲಿ ದೊಡ್ಡ ವಿಷಯ. ಪೆಡಲ್ ಕಯಾಕ್ ರಿಪೇರಿ ನನ್ನ ಕೆಲಸ. ಹಾಳಾಗಿ ಬರುವ ದೋಣಿಗಳ ಜೊತೆಗೆ, ಬಳಸದೆ ಮೂಲೆ ಸೇರಿ, ಮಾರುವ ಮುಂಚೆ ಒಮ್ಮೆ ನೋಡಿಕೊಡಿ ಅಂತ ಬರುವ ದೋಣಿಗಳೂ ಇವೆ. ಅವುಗಳಲ್ಲಿ ಪೆಡಲಿನ ರಬ್ಬರ್ ಕೂಡ ಸವೆದಿರುವುದಿಲ್ಲ. ಯಾಕೆ ಮಾರುತ್ತೀರಿ ಅಂದರೆ ಹೆಚ್ಚಿನವರದು ಒಂದೇ ಉತ್ತರ: ‘ಎತ್ತೋಕಾಗಲ್ಲ.’

ಜಾಹೀರಾತಿನಲ್ಲಿ ಕಾಣುವ ತೂಕ ಎಷ್ಟೋ ಸಲ ಬರೀ ಒಡಲಿನದು. ಸೀಟು, ಡ್ರೈವ್, ಚುಕ್ಕಾಣಿ ಎಲ್ಲ ಸೇರಿದಾಗ ಲೆಕ್ಕವೇ ಬೇರೆ. 13 ಅಡಿ ದಾಟಿದ ಅಗಲವಾದ ಪ್ರೊಪೆಲರ್ ದೋಣಿ ಎಲ್ಲ ಕೂಡಿಸಿದರೆ 50 ಕೆಜಿಯ ಆಚೆ ಈಚೆ ನಿಲ್ಲುತ್ತದೆ. ಸೀಟು, ಡ್ರೈವ್ ಬಿಚ್ಚಿಟ್ಟು ಒಡಲೊಂದನ್ನೇ ಎತ್ತುವುದು ಸರಿಯಾದ ಕ್ರಮ. ಮೂತಿಯನ್ನು ಕಾರಿನ ಹಿಂದಿನ ಕಂಬಿಗೆ ಒರಗಿಸಿ, ಆಮೇಲೆ ಹಿಂಬದಿಯನ್ನು ಎತ್ತಿ ಮುಂದಕ್ಕೆ ತಳ್ಳಬೇಕು. ಹಾಗೆ ಮಾಡಿದರೆ ಒಂದು ಸಲಕ್ಕೆ ಅರ್ಧ ಭಾರ ಮಾತ್ರ ನಿಮ್ಮ ಮೇಲೆ ಬೀಳುತ್ತದೆ. ಆದರೂ ನಿಮ್ಮ ಭುಜ ನೋಡಿಕೊಂಡು ಹೇಳುತ್ತೇನೆ, ಬರೀ ಒಡಲು 40 ಕೆಜಿ ಮೀರಿದ್ದನ್ನು ಒಬ್ಬರೇ ಕಾರಿಗೆ ಏರಿಸುವ ಸಾಹಸ ಬೇಡ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಮ್ಮೆ ಎತ್ತಿ ನೋಡಿ. ಮೀನು ಹಿಡಿದು ಸುಸ್ತಾಗಿ ದಡಕ್ಕೆ ಬಂದ ಮೇಲೂ ಇದನ್ನು ಎತ್ತಬಲ್ಲೆನಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಇನ್ನು ಡ್ರೈವ್ ವಿಷಯ. ರೆಕ್ಕೆಯ ಡ್ರೈವ್ ಅಂದರೆ ಮೊದಲು ನೆನಪಾಗುವುದು ಹೋಬಿ ಕಂಪನಿಯ ಮಿರಾಜ್‌ಡ್ರೈವ್. ಅದು ಬಂದದ್ದು 1997ರಲ್ಲಿ. ಒಂದು ಕಾಲು ಮುಂದೆ ಒತ್ತಿದರೆ ಇನ್ನೊಂದು ಹಿಂದೆ ಬರುತ್ತದೆ, ಅಡಿಯಲ್ಲಿ ರೆಕ್ಕೆಗಳು ಆ ಪಕ್ಕ ಈ ಪಕ್ಕ ಬೀಸುತ್ತವೆ. ಪೆಂಗ್ವಿನ್ ಈಜುವುದನ್ನು ನೋಡಿದ್ದರೆ ತಕ್ಷಣ ಅರ್ಥವಾಗುತ್ತದೆ. ಒಂದು ಪೆಡಲನ್ನು ಪೂರ್ತಿ ಮುಂದೆ ತಳ್ಳಿ ಹಿಡಿದರೆ ಎರಡೂ ರೆಕ್ಕೆ ಮೇಲೆದ್ದು ದೋಣಿಯ ತಳಕ್ಕೆ ಅಂಟಿಕೊಳ್ಳುತ್ತವೆ. ನೀರು ಮೊಣಕಾಲಿಗಿಂತ ಕಡಿಮೆ ಇರುವ ಕಡೆ ಕಾಲನ್ನು ಸ್ವಲ್ಪ ಸ್ವಲ್ಪವೇ ಆಡಿಸಿಕೊಂಡು ಹೋಗಬಹುದು. ಜೊಂಡಿನ ಮೇಲೆ ಹೋದರೂ ಎಲೆ ಬಳ್ಳಿಗಳು ಸುತ್ತಿಕೊಳ್ಳುವುದು ಕಡಿಮೆ, ಹೆಚ್ಚಿನವು ಜಾರಿ ಹೋಗುತ್ತವೆ. ಹಿಂದಕ್ಕೆ ಹೋಗುವ ಸೌಕರ್ಯ ಮಾತ್ರ ಸುಮಾರು ಎರಡು ದಶಕ ಇರಲೇ ಇಲ್ಲ. ಈಗಿನ ಹಲವು ಡ್ರೈವುಗಳಲ್ಲಿ ಒಂದು ಹಿಡಿ ಎಳೆದರೆ ರೆಕ್ಕೆಗಳು 180 ಡಿಗ್ರಿ ತಿರುಗಿ ದೋಣಿಯನ್ನು ಹಿಂದಕ್ಕೆ ತಳ್ಳುತ್ತವೆ. ಹಳೆಯದು ಸಿಕ್ಕಿದರೆ ಇದೊಂದನ್ನು ಖಚಿತ ಮಾಡಿಕೊಳ್ಳಿ.

ಪ್ರೊಪೆಲರ್ ಡ್ರೈವಿನಲ್ಲಿ, ಸೈಕಲ್ ತುಳಿಯಲು ಬಂದವರಿಗೆ ಹೊಸದಾಗಿ ಕಲಿಯಲು ಏನೂ ಇಲ್ಲ. ಓಲ್ಡ್ ಟೌನ್ ಕಂಪನಿಯ ಪಿಡಿಎಲ್ ಡ್ರೈವಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಪ್ರೊಪೆಲರ್ ಹತ್ತು ಸುತ್ತಿಗೂ ಸ್ವಲ್ಪ ಜಾಸ್ತಿ ತಿರುಗುತ್ತದೆ. ಹಾಗಾಗಿ ಕಾಲು ನಿಧಾನವಾಗಿ ತುಳಿದರೂ ದೋಣಿ ಸರಾಗವಾಗಿ ಸಾಗುತ್ತದೆ. ಹಿಂದಕ್ಕೆ ತುಳಿದರೆ ಆ ಕ್ಷಣವೇ ಹಿಂದಕ್ಕೆ ಹೋಗುತ್ತದೆ. ಮುಳುಗಿದ ಮರದ ಪಕ್ಕ ದೊಡ್ಡ ಮೀನು ಕಚ್ಚಿದಾಗ ಇದರ ಬೆಲೆ ಗೊತ್ತಾಗುತ್ತದೆ. ಎರಡೂ ಕೈಯಲ್ಲಿ ರಾಡ್ ಹಿಡಿದು, ಕಾಲಿನಿಂದಲೇ ದೋಣಿಯನ್ನು ಹಿಂದೆ ಎಳೆದು, ಮೀನನ್ನು ಬಯಲು ನೀರಿಗೆ ತರಬಹುದು. ಆದರೆ ಪ್ರೊಪೆಲರಿಗೆ ಆಳ ಬೇಕು, ಸುಮಾರು ಒಂದೂವರೆ ಅಡಿ. ಜೊಂಡು ಕಂಡರೆ ಅದಕ್ಕೆ ಆಗಿಬರುವುದಿಲ್ಲ.

ನೀವು ಹೇಳಿದ ಕೆರೆಗೆ ನನ್ನ ಓಟು ರೆಕ್ಕೆಗೇ. 12 ಅಡಿಯದನ್ನೇ ನೋಡಿ. ಏನಾದರೂ ಬಡಿದರೆ ರೆಕ್ಕೆ ತಾನೇ ಮಡಚಿಕೊಳ್ಳುವ ಡ್ರೈವ್ ಇದ್ದರೆ ಇನ್ನೂ ಒಳ್ಳೆಯದು. ಹೊರುವ ಶಕ್ತಿ ಎಷ್ಟು ಅಂತ ಬರೆದಿರುತ್ತಾರಲ್ಲ, ಅದರ ಮೂರನೇ ಎರಡು ಭಾಗವನ್ನು ಮಾತ್ರ ನಂಬಿ. ನಿಮ್ಮ 90, ಗಾಳ ಪೆಟ್ಟಿಗೆ ಲಂಗರು ಎಲ್ಲ ಸೇರಿ 20 ಅಂದುಕೊಳ್ಳಿ. ಒಟ್ಟು 110. ಹಾಗಾದರೆ 165 ಕೆಜಿ ಹೊರುತ್ತದೆ ಅಂತ ಬರೆದಿರುವ ದೋಣಿಗಿಂತ ಚಿಕ್ಕದು ಬೇಡ. ಡ್ರೈವ್, ಸೀಟಿನ ತೂಕ ಆ ಲೆಕ್ಕದ ಒಳಗೋ ಹೊರಗೋ ಅಂತಲೂ ಕೇಳಿ.

ಅದೇ ಸದಸ್ಯರು:
ಬಹಳ ಉಪಕಾರವಾಯಿತು ಸರ್. ಆದರೆ 13 ಅಡಿಯದು ಜಾಸ್ತಿ ಸ್ಪೀಡು ಅಂತಾರಲ್ಲ? ಪ್ರೊಪೆಲರಿಗೆ ಜೊಂಡು ಸುತ್ತಿದರೆ ಬಿಡಿಸಿಕೊಂಡರಾಯಿತು ಅಂತಲೂ ಒಬ್ಬರು ಹೇಳಿದರು.

ಉತ್ತರ:
ಸ್ಪೀಡಿನ ವಿಷಯದಲ್ಲಿ ಉದ್ದ ದೋಣಿಗೆ ಅನುಕೂಲ ಇರುವುದು ನಿಜ. ನೀರನ್ನು ತಳ್ಳಿಕೊಂಡು ಹೋಗುವ ಯಾವ ದೋಣಿಗೂ ಅದರ ಉದ್ದ ಒಂದು ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದ 12 ಅಡಿ ಇದ್ದರೆ ಆ ಮಿತಿ ಗಂಟೆಗೆ ಸುಮಾರು 8.6 ಕಿಮೀ, 14 ಅಡಿ ಇದ್ದರೆ ಸುಮಾರು 9.3. ಅದರ ಹತ್ತಿರ ಹೋದ ಹಾಗೆಲ್ಲ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ. ನೀವು ಎರಡು ಪಟ್ಟು ತುಳಿದರೂ ಸಿಗುವುದು ಒಂದು ಚೂರು. ದಿನವಿಡೀ ಆರಾಮಾಗಿ ತುಳಿಯುವವರು ಯಾವ ಡ್ರೈವ್ ಇದ್ದರೂ 5, 6 ಕಿಮೀ ವೇಗದಲ್ಲೇ ಇರುತ್ತಾರೆ. ಅಲ್ಲಿ ಈ ಎರಡು ದೋಣಿಗೆ ದೊಡ್ಡ ಅಂತರ ಕಾಣುವುದಿಲ್ಲ. ಸ್ಪೀಡಿಗೋಸ್ಕರ ಹತ್ತು ಕೆಜಿ ಜಾಸ್ತಿ ಹೊರುವುದು ನಿಮಗೆ ಬೇಡ.

ಜೊಂಡು ಬಿಡಿಸಿಕೊಳ್ಳಬಹುದು, ನಿಜ. ಡ್ರೈವನ್ನು ಮೇಲೆತ್ತಿ, ಕಿತ್ತು, ಮತ್ತೆ ಇಳಿಸಬೇಕು. ದಿನಕ್ಕೆ ಎರಡು ಸಲ ಆದರೆ ಸರಿ. ಹತ್ತು ನಿಮಿಷಕ್ಕೊಮ್ಮೆ ಆದರೆ ಮೀನು ಹಿಡಿಯುವುದು ಯಾವಾಗ? ಜೊಂಡಿಗಿಂತ ನನಗೆ ಭಯ ಗಾಳದ ದಾರದ್ದು. ಒಮ್ಮೆ ಒಬ್ಬರು ‘ಪೆಡಲ್ ಸ್ವಲ್ಪ ಬಿಗಿ ಆಗಿದೆ’ ಅಂತ ಡ್ರೈವ್ ತಂದುಕೊಟ್ಟರು. ಪ್ರೊಪೆಲರಿನ ನಟ್ಟು ಬಿಚ್ಚಿ ಎಳೆದರೆ ಒಳಗಡೆ ಹಸಿರು ಹೆಣಿಗೆ ದಾರ, ಹೊಲಿಗೆ ಮೆಷಿನಿನ ಉಂಡೆಯ ಹಾಗೆ ನೀಟಾಗಿ ಸುತ್ತಿಕೊಂಡಿತ್ತು. ಮೊನಚು ಚಾಕುವಿನ ತುದಿಯಿಂದ ಎಳೆ ಎಳೆಯಾಗಿ ಕತ್ತರಿಸಿ ತೆಗೆದೆ. ಅಷ್ಟರಲ್ಲಾಗಲೇ ಅದು ರಬ್ಬರ್ ಸೀಲನ್ನು ತಿಂದುಹಾಕಿತ್ತು. ಗೇರಿನ ಎಣ್ಣೆ ಸುರಿದರೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಬಂತು. ನೀರು ಒಳಗೆ ಹೋಗಿ ಎಷ್ಟು ದಿನವಾಗಿತ್ತೋ, ಬೇರಿಂಗ್ ತುಕ್ಕು ಹಿಡಿದಿತ್ತು. ದಾರ ಸುತ್ತಿದ ದಿನವೇ ಪ್ರೊಪೆಲರ್ ಬಿಚ್ಚಿ ನೋಡಿದ್ದರೆ ಐದು ನಿಮಿಷದ ಕೆಲಸ ಅದು. ಪ್ರೊಪೆಲರ್ ಇಟ್ಟುಕೊಂಡವರೆಲ್ಲ ತಿಂಗಳಿಗೊಮ್ಮೆಯಾದರೂ ಅದನ್ನು ಬಿಚ್ಚಿ ಹಿಂದೆ ಒಂದು ಸಲ ಕಣ್ಣಾಡಿಸಿ, ದಯವಿಟ್ಟು.

ಇನ್ನೊಬ್ಬ ಸದಸ್ಯೆ:
ನನ್ನ ಎತ್ತರ 5 ಅಡಿ. ಎಡ ಮೊಣಕಾಲು ಪೂರ್ತಿ ಮಡಚಿದರೆ ನೋವು. ನನ್ನಂಥವರಿಗೆ ಪೆಡಲ್ ಕಯಾಕ್ ಆಗುತ್ತದಾ ಸರ್?

ಉತ್ತರ:
ಆಗುತ್ತದೆ ಮೇಡಂ, ಆದರೆ ಕೂತು ನೋಡದೆ ಕೊಳ್ಳಬೇಡಿ. ಸೈಕಲ್ ತರಹದ ಡ್ರೈವಿನಲ್ಲಿ ಪೆಡಲ್ ಪೂರ್ತಿ ಸುತ್ತು ಬರುವುದರಿಂದ ಪ್ರತಿ ಸುತ್ತಿಗೂ ಮೊಣಕಾಲು ಮೇಲೇಳುತ್ತದೆ, ಚೆನ್ನಾಗಿ ಮಡಚುತ್ತದೆ. ರೆಕ್ಕೆಯದರಲ್ಲಿ ಮುಂದೆ ಹಿಂದೆ ಒತ್ತುವುದಷ್ಟೇ. ಗಿಡ್ಡ ಗಿಡ್ಡವಾಗಿ ಒತ್ತಿದರೂ ದೋಣಿ ಸಾಗುತ್ತದೆ, ಎಷ್ಟು ಮಡಚಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ನಿಮ್ಮ ಮೊಣಕಾಲಿಗೆ ಅದು ಹಿತವಾಗಬಹುದು ಅನ್ನಿಸುತ್ತದೆ. ಆದರೂ ಕೆಲವರ ಮಂಡಿಗೆ ಸುತ್ತುವುದೇ ಒಗ್ಗುತ್ತದೆ. ಅರ್ಧ ಗಂಟೆ ನೀರಿನಲ್ಲಿ ತುಳಿದು, ಮಾರನೇ ದಿನ ಕಾಲು ಏನು ಹೇಳುತ್ತದೆ ನೋಡಿ.

ಕೂತಾಗ ಗಮನಿಸಬೇಕಾದದ್ದು ಇಷ್ಟು. ಪೆಡಲ್ ಅತಿ ದೂರ ಹೋದಾಗಲೂ ಮೊಣಕಾಲಿನಲ್ಲಿ ಸಣ್ಣ ಬಾಗು ಉಳಿಯಬೇಕು. ಕಾಲು ಎಟುಕಿಸಲು ಸೊಂಟ ಮುಂದೆ ಜಾರುತ್ತಿದ್ದರೆ ಆ ದೋಣಿ ನಿಮ್ಮ ಅಳತೆಯದಲ್ಲ. ಕೆಲವು ದೋಣಿಗಳಲ್ಲಿ ಸೀಟು ಮುಂದೆ ಹಿಂದೆ ಸರಿಯುತ್ತದೆ, ಕೆಲವದರಲ್ಲಿ ಪೆಡಲ್ ತೋಳಿನ ಉದ್ದ ಬದಲಿಸಬಹುದು. ಎರಡೂ ಇಲ್ಲದ್ದನ್ನು ಬಿಟ್ಟುಬಿಡಿ. ಸೀಟಿನ ಮುಂದಿನ ಕಂಬಿ ತೊಡೆಯ ಅಡಿಗೆ ಒತ್ತುತ್ತಿದೆಯಾ ಅಂತಲೂ ನೋಡಿ. ಒತ್ತಿದರೆ ಒಂದು ಗಂಟೆಯಲ್ಲಿ ಪಾದ ಜೋಮು ಹಿಡಿಯುತ್ತದೆ. ಪೆಡಲ್ ಸರಿಯಿಲ್ಲ ಅಂದುಕೊಂಡು ಬಂದವರಿಗೆ ನಾನು ಸೀಟು ಎತ್ತರಿಸಿ ಕಳಿಸಿದ್ದೇನೆ, ಅಷ್ಟರಲ್ಲೇ ಸರಿಹೋಗಿದೆ.

ಮತ್ತೊಬ್ಬರು:
ಅಣ್ಣಾ, ಹೊಸದು ಕೈಗೆಟುಕುವುದಿಲ್ಲ. ಸೆಕೆಂಡ್ ಹ್ಯಾಂಡ್ ನೋಡಲು ಹೋಗುತ್ತಿದ್ದೇನೆ. ಏನೇನು ನೋಡಲಿ?

ಉತ್ತರ:
ಮೊದಲು ದೋಣಿಯನ್ನು ಮಗುಚಿ ಹಾಕಿಸಿ. ತಳದಲ್ಲಿ ಗೀಚು ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇವುಗಳಲ್ಲಿ ಹೆಚ್ಚಿನವು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನವು, ಗೀಚಿಗೆಲ್ಲ ಬಗ್ಗುವುದಿಲ್ಲ. ಬಿರುಕು ಹುಡುಕಬೇಕಾದದ್ದು ಡ್ರೈವ್ ಕೂರುವ ತೂತಿನ ಮೂಲೆಗಳಲ್ಲಿ, ನೀರು ಇಳಿದುಹೋಗುವ ತೂತುಗಳ ಅಂಚಿನಲ್ಲಿ. ತೂತಿಗೆ ಸಿಕ್ಕಿಸುವ ಕಂಬಿಯಿರುವ ತಳ್ಳುಗಾಡಿ ಬಳಸಿದ್ದರಾ ಅಂತ ಕೇಳಿ. ಭಾರದ ದೋಣಿಯನ್ನು ಹಾಗೆ ಕುಲುಕಾಡಿಸಿ ಎಳೆದರೆ ಆ ತೂತುಗಳೇ ಬಿರಿಯುವುದು. ಬೆಳಕಿಗೆ ಹಿಡಿದು ಬೆರಳಾಡಿಸಿದರೆ ಕೂದಲೆಳೆಯ ಬಿರುಕೂ ಉಗುರಿಗೆ ತಾಗುತ್ತದೆ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಬಣ್ಣ ಪೇಲವವಾಗಿ, ಸುಣ್ಣದ ಪುಡಿಯಂತೆ ಕೈಗೆ ಅಂಟುತ್ತದೆ. ಅಂಥದ್ದು ಬೇಡ.

ಆಮೇಲೆ ಡ್ರೈವ್. ರೆಕ್ಕೆಯದಾದರೆ ರೆಕ್ಕೆಯೊಳಗಿನ ಉಕ್ಕಿನ ಕಂಬಿ ನೆಟ್ಟಗಿದೆಯಾ ನೋಡಿ. ಪೆಡಲ್ ಹಿಡಿದು ಪಕ್ಕಕ್ಕೆ ಅಲುಗಾಡಿಸಿ, ಬಹಳ ಸಡಿಲ ಇರಬಾರದು. ಪ್ರೊಪೆಲರ್ ಆದರೆ ಕೈಯಲ್ಲಿ ನಿಧಾನವಾಗಿ ತಿರುಗಿಸಿ ಕಿವಿ ಕೊಡಿ. ಮರಳು ಅರೆದಂತೆ ಸದ್ದು ಬಂದರೆ ಗೇರು ಸವೆದಿದೆ. ಉಪ್ಪುನೀರಿನಲ್ಲಿ ಓಡಿಸಿದ್ದಾರಾ, ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುತ್ತಿದ್ದರಾ? ಹೌದು ಅಂದರೂ ಸ್ಕ್ರೂಗಳ ತಲೆ ನೋಡಿ, ನಿಜ ಅಲ್ಲೇ ಇರುತ್ತದೆ. ಚುಕ್ಕಾಣಿಯ ದಾರ ಎಳೆಯೆಳೆಯಾಗಿ ಬಿಟ್ಟಿದ್ದರೆ ಚಿಂತೆಯಿಲ್ಲ, ಬದಲಿಸಬಹುದು. ಆದರೆ ಡ್ರೈವಿನ ಬಿಡಿಭಾಗ ಈಗಲೂ ಸಿಗುತ್ತದಾ ಅಂತ ದುಡ್ಡು ಕೊಡುವ ಮುಂಚೆಯೇ ವಿಚಾರಿಸಿ. ಸಿಗದಿದ್ದರೆ ಎಷ್ಟು ಅಗ್ಗವಾದರೂ ನಾನಾದರೆ ತಗೊಳ್ಳುವುದಿಲ್ಲ. ಸಾಧ್ಯವಾದರೆ ನೀರಿಗಿಳಿಸಿ ಕಾಲು ಗಂಟೆ ಓಡಿಸಿ, ದಡಕ್ಕೆ ತಂದು ಒಡಲೊಳಗೆ ಎಷ್ಟು ನೀರು ಸೇರಿದೆ ನೋಡಿ. ಒಂದೆರಡು ಲೋಟ ಪರವಾಗಿಲ್ಲ.

ಮೊದಲು ಕೇಳಿದ ಸದಸ್ಯರು:
ಸರ್, ಎತ್ತಿ ನೋಡಿದೆ. 12 ಅಡಿಯದು ಹೇಗೋ ಆಯಿತು, ದೊಡ್ಡದು ನೆಲ ಬಿಟ್ಟು ಏಳಲೇ ಇಲ್ಲ. ಚಿಕ್ಕದಕ್ಕೇ ಮುಂಗಡ ಕೊಟ್ಟೆ. ಮೊದಲ ದಿನ ನೀರಿಗಿಳಿಯುವ ಮುಂಚೆ ಏನಾದರೂ ಹೇಳುತ್ತೀರಾ?

ಉತ್ತರ:
ಕೇಳಿ ಖುಷಿಯಾಯಿತು. ಮೊದಲ ದಿನ ಗಾಳ ಮನೆಯಲ್ಲೇ ಇರಲಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಎದೆಮಟ್ಟದ ನೀರಿನಲ್ಲಿ ಬೇಕಂತಲೇ ದೋಣಿ ಮಗುಚಿ, ಮತ್ತೆ ಹತ್ತುವುದನ್ನು ಕಲಿಯಿರಿ. ಅಗಲ ದೋಣಿ ಸುಲಭಕ್ಕೆ ಮಗುಚುವುದಿಲ್ಲ, ಆದರೆ ಮಗುಚಿದರೆ ನೆಟ್ಟಗೆ ಮಾಡುವುದು ಹುಟ್ಟಿನ ಕಯಾಕಿಗಿಂತ ಬಹಳ ಕಷ್ಟ. ಒಂದು ಪಕ್ಕದ ಹಿಡಿಗೆ ಮೂರು ಮೀಟರ್ ಪಟ್ಟಿ ಕಟ್ಟಿಟ್ಟುಕೊಳ್ಳಿ. ಅದನ್ನು ತಳದ ಮೇಲಿಂದ ಈಚೆಗೆ ಎಸೆದು, ಈ ಪಕ್ಕದಿಂದ ಜೋತುಬಿದ್ದು ಎಳೆದರೆ ದೋಣಿ ಹೊರಳುತ್ತದೆ. ಮೇಲಕ್ಕೆ ಹತ್ತುವಾಗ ಕಾಲು ಬಡಿದುಕೊಂಡು ಹೊಟ್ಟೆಯ ಮೇಲೆ ಬನ್ನಿ, ಆಮೇಲೆ ತಿರುಗಿ ಕೂರಿ. ಎಳೆಯುವ ಭರದಲ್ಲಿ ರೆಕ್ಕೆ ಹಿಡಿಯಬೇಡಿ, ಕಂಬಿ ಬಾಗಿಬಿಡುತ್ತದೆ.

ದಡಕ್ಕೆ ಬರುವಾಗ ನೆಲ ತಾಗುವ ಮುಂಚೆಯೇ ಡ್ರೈವ್, ಚುಕ್ಕಾಣಿ ಎರಡನ್ನೂ ಎತ್ತಿ. ನನ್ನ ಹತ್ತಿರ ಬರುವ ಬಾಗಿದ ಕಂಬಿಗಳಲ್ಲಿ ಹೆಚ್ಚಿನವು ಕಡೇ ಹತ್ತು ಅಡಿಯಲ್ಲಿ ಬಾಗಿದವು. ಹುಟ್ಟು ಯಾವಾಗಲೂ ಜೊತೆಗಿರಲಿ, ಡ್ರೈವ್ ಕೆಟ್ಟರೆ ಮನೆಗೆ ಕರೆತರುವುದು ಅದೇ. ಇನ್ನೊಂದು ಮಾತು. ಡ್ರೈವ್ ಕೈಜಾರಿ ನೀರಿಗೆ ಬಿದ್ದರೆ ತೇಲುತ್ತದೆ ಅಂತ ನಂಬಬೇಡಿ. ಕಿರುಬೆರಳು ದಪ್ಪದ ಹಗ್ಗದಲ್ಲಿ ಅದನ್ನು ದೋಣಿಗೆ ಕಟ್ಟಿ, ಆಮೇಲೆ ತೂತಿಗೆ ಇಳಿಸಿ.