ದಾವಣಗೆರೆ ಮಂಡಕ್ಕಿ ಅಂಗಡೀಲಿ ಏನು, ಎಷ್ಟು ಹೇಳಬೇಕು?

ಪ್ರಶ್ನೆ
ಶನಿವಾರ ಸಂಜೆ ನಾಲ್ಕು ಜನ ದಾವಣಗೆರೆಗೆ ಬರ್ತಿದೀವಿ. ದೊಡ್ಡ ಹೋಟೆಲ್ ಬೇಡ. ಮನೆಯವರೇ ಬಾಣಲೆ ಮುಂದೆ ನಿಂತು ನಡೆಸೋ ಓಣಿ ಅಂಗಡೀಲಿ ಮಂಡಕ್ಕಿ-ಮಿರ್ಚಿ ಬಜ್ಜಿ ತಿಂದೇ ರಾತ್ರಿ ಊಟ ಮುಗಿಸಬೇಕು. ಹೆಂಗೆ ಹೇಳೋದು? ಪಾರ್ಸೆಲ್ ತಂದ್ರೆ ಮೆತ್ತಗಾಗದಂಗೆ ಏನಾದ್ರೂ ಮಾಡಬಹುದಾ?

ಉತ್ತರ 1
ನಾಲ್ಕೂ ಪ್ಲೇಟ್ ಒಟ್ಟಿಗೆ ಹೇಳಬೇಡ್ರಿ. ಮೊದಲು ಒಂದು ಖಾರ ಮಂಡಕ್ಕಿ, ಒಂದು ನರ್ಗಿಸ್ ಮಂಡಕ್ಕಿ. ಖಾರದ್ದಕ್ಕೆ ಹಸಿಮೆಣಸಿನಕಾಯಿ ಮಸಾಲೆ. ನರ್ಗಿಸ್‌ಗೆ ಅರಿಶಿನದ ಒಗ್ಗರಣೆ, ಪುಟಾಣಿ (ಹುರಿಗಡಲೆ) ಪುಡಿ, ಮೇಲೆ ಈರುಳ್ಳಿ, ಟೊಮೆಟೊ, ಸೇವು. ಮಕ್ಕಳಿದ್ರೆ ಇದೇ ವಾಸಿ. ಮಂಡಕ್ಕಿ ಗಾಳೀಲಿರೋ ತೇವಾನೇ ಹೀರುತ್ತೆ, ಇನ್ನು ಟೊಮೆಟೊ ರಸ ಬಿದ್ರೆ ಕೇಳಬೇಕಾ? ಐದು ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿ, ಆಮೇಲೆ ಮುಂದಿನದು ಹೇಳ್ರಿ. ಮಿರ್ಚಿ ತಲೆಗೆ ಎರಡು ಸಾಕು, ಆದ್ರೆ ಬಾಣಲೆಯಿಂದ ಎತ್ತಿದ್ದನ್ನೇ ತಗೊಳ್ರಿ. ಆರಿದ್ದನ್ನ ಮತ್ತೆ ಎಣ್ಣೆಗೆ ಬಿಟ್ಟು ಕೊಟ್ರೆ ಎಣ್ಣೆ ಇನ್ನಷ್ಟು ಕುಡಿದಿರುತ್ತೆ.

ಉತ್ತರ 2
ಪಾರ್ಸೆಲ್ ಆದ್ರೆ ಕಲಸಿಸಲೇಬೇಡಿ. ಮಂಡಕ್ಕಿ, ಮಸಾಲೆ, ಹೆಚ್ಚಿದ ಈರುಳ್ಳಿ-ಟೊಮೆಟೊ ಮೂರೂ ಬೇರೆ ಬೇರೆ ಕಟ್ಟಿಸಿ.

ಮನೇಲೇ ಮಾಡೋದಾದ್ರೆ 100 ಗ್ರಾಂ ಮಂಡಕ್ಕಿಯನ್ನ ಎಣ್ಣೆ ಹಾಕದೆ ಸಣ್ಣ ಉರೀಲಿ ಮೂರ್ನಾಲ್ಕು ನಿಮಿಷ ಬೆಚ್ಚಗೆ ಮಾಡಿ. ಒಂದು ಕಾಳು ಹಿಸುಕಿದ್ರೆ ಪುಡಿಯಾಗಬೇಕು. ಎಂಟು ಹಸಿಮೆಣಸಿನಕಾಯಿ, ಏಳೆಂಟು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಉಪ್ಪು, ಇಷ್ಟನ್ನ ನೀರು ಹಾಕದೆ ಜಜ್ಜಿ ಮೂರು ದೊಡ್ಡ ಚಮಚ ಎಣ್ಣೇಲಿ ಹುರೀರಿ. ಎಣ್ಣೆ ಬಿಡೋವರೆಗೂ ಹುರೀಲೇಬೇಕು. ಹೆಚ್ಚಿನವರು ಕೆಡಿಸೋದು ಇಲ್ಲೇ: ಮಸಾಲೇಲಿ ಹಸಿ ನೀರು ಉಳಿದ್ರೆ ಕಲಸಿದ ಕೂಡಲೇ ಮಂಡಕ್ಕಿ ಮುದ್ದೆ. ಆಮೇಲೆ ಮೂರು ಚಮಚ ಪುಟಾಣಿ ಪುಡಿ. ಅದು ರುಚಿಗಷ್ಟೇ ಅಲ್ಲ, ಉಳಿದ ತೇವಾನೂ ಹೀರುತ್ತೆ. ಟೊಮೆಟೊ ಬೀಜ ತೆಗೆದು ಹಾಕಿ. ನಿಂಬೆಹಣ್ಣು ತಟ್ಟೆಗೆ ಬಂದ ಮೇಲೆ.

ಉತ್ತರ 3
ಮೇಲಿನವರು ಹೇಳಿದ್ದು ಸರಿ, ಮಿರ್ಚಿ ಬಗ್ಗೆ ಒಂದು ಮಾತು ಸೇರಿಸ್ತೀನಿ. ತಿಳಿ ಹಸಿರು, ಉದ್ದನೆ ಕಾಯಿಗೆ ಖಾರ ಕಮ್ಮಿ. ಸೀಳಿ ಒಳಗೆ ಉಪ್ಪು-ಓಂಕಾಳು ಸವರಿರಬೇಕು. ಸೀಳದೆ ಬಿಟ್ರೆ ಒಳಗಿನ ಹಬೆಗೆ ಎಣ್ಣೇಲೇ ಸಿಡಿಯುತ್ತೆ. ಮುರಿದು ನೋಡ್ರಿ: ಬೆರಳಿಗೆ ಎಣ್ಣೆ ಜಿನುಗಿದ್ರೆ ಹಿಟ್ಟಿಗೆ ಸೋಡಾ ಜಾಸ್ತಿ, ಇಲ್ಲಾ ಎಣ್ಣೆ ಸರಿಯಾಗಿ ಕಾದಿಲ್ಲ. ಅಂಥ ಕಡೆ ಮಂಡಕ್ಕಿ ಮಾತ್ರ ತಿಂದು ಎದ್ದು ಬರ್ರಿ.

ಬೆಣ್ಣೆ ದೋಸೇನ ಇದರ ಜೊತೆ ಸೇರಿಸಬೇಡ್ರಿ, ಹೊಟ್ಟೆ ತಡೆಯಲ್ಲ. ಅದು ಭಾನುವಾರ ಬೆಳಗ್ಗೆಗೆ ಇರಲಿ.