ಸಹೋದ್ಯೋಗಿಯ ಮನೆಯಲ್ಲಿ ಹಿಂಸೆ ನಡೆಯುತ್ತಿರುವ ಅನುಮಾನವಿದೆ, ಕೇಳಬಹುದೇ?

ಘಟ್ಟದ ಮೇಲಿನವಳು, ಶಿರಸಿ

ಶಿರಸಿಯಲ್ಲಿ ಅಡಿಕೆ ವಹಿವಾಟಿನ ಕಚೇರಿಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪಕ್ಕದ ಮೇಜಿನ ಸಹೋದ್ಯೋಗಿ ಕಳೆದ ಜುಲೈಯಲ್ಲಿ ಮೊಣಕೈಗೆ ಪಟ್ಟಿ ಸುತ್ತಿಕೊಂಡು ಬಂದು, ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆ ಎಂದಾಗ ಯಾರೂ ಎರಡನೇ ಮಾತು ಕೇಳಲಿಲ್ಲ. ನಮ್ಮ ಮಳೆಗಾಲದಲ್ಲಿ ಜಾರದವರು ಯಾರಿದ್ದಾರೆ? ಆದರೆ ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದ ಈ ಮಾರ್ಚಿನಲ್ಲಿ ಕಣ್ಣಿನ ಕೆಳಗೆ ನೀಲಿಗಟ್ಟಿಸಿಕೊಂಡು ಬಂದು ಅದೇ ಪಾಚಿಯ ಹೆಸರು ಹೇಳಿದರು.

ಗಂಡನಿಂದ ದಿನಕ್ಕೆ ಏಳೆಂಟು ಕರೆ ಬರುತ್ತದೆ. ವಿಡಿಯೊ ಕರೆಯಾದರೆ ಎದ್ದು ನಿಂತು, ಮೊಬೈಲನ್ನು ಕೋಣೆಯ ಸುತ್ತ ನಿಧಾನವಾಗಿ ತಿರುಗಿಸಿ, ಯಾರು ಯಾರು ಕುಳಿತಿದ್ದಾರೆಂದು ತೋರಿಸುತ್ತಾರೆ. ಸಂಬಳ ಬಂದ ಮರುದಿನವೂ ಚಹಾದ ಪಾಲಿಗೆ ಹತ್ತು ರೂಪಾಯಿ ಇರುವುದಿಲ್ಲ. ಎಟಿಎಂ ಕಾರ್ಡು ಗಂಡನ ಕಿಸೆಯಲ್ಲಿದೆ. ಆತ ನಮ್ಮ ಮ್ಯಾನೇಜರರಿಗೆ ದೂರದ ನೆಂಟನೂ ಹೌದು. ನಾನು ಕೇಳಿದರೆ ಅವರಿಗೇ ತೊಂದರೆಯಾದೀತೇ?

ಸುಮ್ಮನೆ ಓದುಗ, ಕುಮಟಾ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದ್ದಾರೆ. ಅನುಮಾನದ ಮೇಲೆ ಪರರ ಸಂಸಾರದಲ್ಲಿ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಹಾಗೂ ಮನಸ್ಸು ತಡೆಯದಿದ್ದರೆ ಕಚೇರಿಯ ಆಂತರಿಕ ದೂರು ಸಮಿತಿಗೆ ಒಂದು ಅರ್ಜಿ ಕೊಟ್ಟು ನಿಶ್ಚಿಂತರಾಗಿ.

ಕಾಳಿ ದಂಡೆ, ಕಾರವಾರ

ಆ ಗಾದೆ ಜಗಳದ್ದು. ಜಗಳದಲ್ಲಿ ಇಬ್ಬರಿಗೂ ಬಾಯಿ ಇರುತ್ತದೆ. ಇಲ್ಲಿ ಒಬ್ಬರು ಕೋಣೆಯನ್ನೇ ತಿರುಗಿಸಿ ತೋರಿಸಿ ಲೆಕ್ಕ ಒಪ್ಪಿಸುತ್ತಿದ್ದಾರೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು.

ನಾನು ಕೆಲವು ವರ್ಷ ಆಪ್ತಸಮಾಲೋಚನೆಯ ಕೆಲಸ ಮಾಡಿದವಳು. ಕೇಳಿ, ಆದರೆ ಒಬ್ಬರೇ ಇರುವಾಗ, ಮೊಬೈಲು ಮೇಜಿನ ಮೇಲೆ ಬಿಟ್ಟು ಬಂದಿರುವಾಗ ಕೇಳಿ. "ಗಂಡ ಹೊಡೆಯುತ್ತಾನಾ?" ಎಂದರೆ ಉತ್ತರ ಖಂಡಿತ "ಇಲ್ಲ" ಎಂದೇ ಬರುತ್ತದೆ. "ನಿಮ್ಮ ಮುಖ ನೋಡಿ ನನಗೆ ಕಳವಳವಾಯಿತು, ಮನೆಯಲ್ಲಿ ನಿಮಗೆ ಭಯವಿಲ್ಲದೆ ಇರಲು ಆಗುತ್ತಿದೆಯೇ?" ಎಂದು ಕೇಳಿ, ಅವರು ಮಾತು ತಿರುಗಿಸಿದರೆ ಬಿಟ್ಟುಬಿಡಿ; ಕೇಳಿದವರು ಒಬ್ಬರಿದ್ದಾರೆ ಎಂಬುದು ಅವರಿಗೆ ನೆನಪಿರುತ್ತದೆ. "ಇನ್ನೂ ಯಾಕೆ ಅಲ್ಲಿದ್ದೀರಿ, ಬಿಟ್ಟು ಬನ್ನಿ" ಎಂಬ ಮಾತು ಮಾತ್ರ ಬೇಡ. ಹೆಂಡತಿ ಹೊರಡುತ್ತಾಳೆಂದು ತಿಳಿದ ಹೊತ್ತಿನಲ್ಲೇ ಹಿಂಸೆ ಮಿತಿಮೀರುವುದನ್ನು ಕಂಡಿದ್ದೇನೆ. ಎಂದು ಹೊರಡಬೇಕು, ಹೊರಡಬೇಕೇ ಬೇಡವೇ ಎಂಬುದು ಅವರ ತೀರ್ಮಾನ.

ಮ್ಯಾನೇಜರರಿಗೂ ಗಂಡನಿಗೂ ಒಂದಕ್ಷರ ಹೇಳಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಅವರ ಮೊಬೈಲಿನಿಂದ ಕರೆ ಮಾಡಿದರೆ ದಾಖಲೆ ಉಳಿದು ಸಂಜೆ ಗಂಡನ ಕಣ್ಣಿಗೆ ಬೀಳಬಹುದು. ಕಚೇರಿಯ ಸ್ಥಿರ ದೂರವಾಣಿ ಇದ್ದರೆ ಅದು ಮೇಲು. ಜೀವಕ್ಕೆ ಅಪಾಯವೆಂದು ಕಂಡರೆ ಮಾತ್ರ ತಡಮಾಡದೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಕಲಂ ಓದುವವ, ಹೊನ್ನಾವರ

ಸಮಿತಿಯ ಸಲಹೆಯನ್ನು ತಿದ್ದಬೇಕಾಗಿದೆ. 2013ರ ಕಾಯ್ದೆಯಂತೆ ರಚಿಸಿದ ಆಂತರಿಕ ಸಮಿತಿಯ ವ್ಯಾಪ್ತಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳ. ಮನೆಯೊಳಗಿನ ಹೊಡೆತ ಅದಕ್ಕೆ ಬರುವುದಿಲ್ಲ, ಮೇಲಾಗಿ ಅರ್ಜಿ ಮ್ಯಾನೇಜರರ ಮೇಜು ದಾಟಿಯೇ ಹೋದೀತು. ಇಲ್ಲಿ ಅನ್ವಯಿಸುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ದೈಹಿಕ ಹಿಂಸೆಯಷ್ಟೇ ಅಲ್ಲ, ಹೆಂಡತಿಯ ಕೈಗೆ ಹಣ ಸಿಗದಂತೆ ಮಾಡುವುದನ್ನೂ ಅದು ಆರ್ಥಿಕ ಹಿಂಸೆ ಎಂದು ಪರಿಗಣಿಸುತ್ತದೆ. ಹಿಂಸೆ ನಡೆದಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು, ಸದ್ಭಾವನೆಯಿಂದ ನೀಡಿದವರ ಮೇಲೆ ಹೊಣೆ ಬರುವುದಿಲ್ಲ ಎಂದು 4ನೇ ಕಲಂ ಹೇಳುತ್ತದೆ. ಆದರೂ ನಿಮ್ಮ ಸಹೋದ್ಯೋಗಿಯ ಒಪ್ಪಿಗೆಯಿಲ್ಲದೆ ಅದನ್ನು ಬಳಸಲು ನಾನು ಹಿಂಜರಿಯುತ್ತೇನೆ. 18ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಗಂಡನಿಗೆ ಹೆಂಡತಿಯ ಕೆಲಸದ ಸ್ಥಳಕ್ಕೂ ಬರಕೂಡದೆಂದು ಆದೇಶಿಸಬಹುದು. ವಕೀಲರ ಖರ್ಚಿನ ಚಿಂತೆ ಬೇಡ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ, ಅದರ ಸಹಾಯವಾಣಿ 15100.

ನೀವು ಕಂಡದ್ದನ್ನು ದಿನಾಂಕ ಸಮೇತ ಬರೆದಿಡಿ, ಕಚೇರಿಯ ಕಂಪ್ಯೂಟರಿನಲ್ಲಿ ಬೇಡ.

ಘಟ್ಟದ ಮೇಲಿನವಳು, ಶಿರಸಿ

ನಿನ್ನೆ ಮೂಟೆ ತೂಗುವ ಹೊತ್ತಿನಲ್ಲಿ ಗೋದಾಮಿನ ಹಿಂದೆ ಕೇಳಿದೆ. ಏನಿಲ್ಲ ಎಂದರು. ಕೈಯಲ್ಲಿದ್ದ ತೂಕದ ಚೀಟಿಯನ್ನು ಮಡಚುತ್ತ, ಬಿಡಿಸುತ್ತ ಬಹಳ ಹೊತ್ತು ನಿಂತು, ಒಳಗೆ ಹೋಗುವ ಮುನ್ನ ಕೇಳಿದ್ದು ಒಂದೇ: "ನಿಮ್ಮ ಕಪಾಟಿಗೆ ಬೀಗ ಇದೆಯಲ್ಲವೇ?" ಇಂದು ಬೆಳಿಗ್ಗೆ ಊಟದ ಡಬ್ಬಿಯ ಚೀಲದ ತಳದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದುಕೊಟ್ಟರು. ಅವರ ಅಂಕಪಟ್ಟಿ, ಆಧಾರ್ ಪ್ರತಿ ಮತ್ತು ಮಗಳ ಜನನ ಪ್ರಮಾಣಪತ್ರ ಅದರಲ್ಲಿವೆ. ಬೀಗದ ಇನ್ನೊಂದು ಕೀಲಿಯನ್ನು ಅವರಿಗೆ ಕೊಟ್ಟಿದ್ದೇನೆ.